ಗೆಡ್ಡೆಯ ಗುಣ, ರಿಪೋರ್ಟಿನ ಸಾಲು

ಗೆಡ್ಡೆ ಎಷ್ಟು ದೊಡ್ಡದೆಂದು ಸ್ಕ್ಯಾನ್ ಹೇಳುತ್ತದೆ. ಎಂಥದ್ದೆಂದು ಹೇಳುವುದು ಗೆಡ್ಡೆಯ ಚೂರನ್ನು ಹುದುಗಿಸಿದ ಮೇಣದ ಬ್ಲಾಕಿನಿಂದ ಕೊಯ್ದ, ಮೂರು ನಾಲ್ಕು ಮೈಕ್ರಾನ್ ದಪ್ಪದ ಪದರ. ಅದರ ಮೇಲೆ ಆ್ಯಂಟಿಬಾಡಿ ಹನಿಸಿ ಬಣ್ಣ ಕಟ್ಟಿಸಿದರೆ, ಹುಡುಕುತ್ತಿರುವ ಪ್ರೋಟೀನು ಇದ್ದಲ್ಲಿ ಮಾತ್ರ ಕಂದು ಮೂಡುತ್ತದೆ.

*

ಕೆಲವರ ಜಠರದ ಕ್ಯಾನ್ಸರಿನಲ್ಲಿ ಹರ್-2 ಪ್ರೋಟೀನು ಗೆಡ್ಡೆಗೆ ಬೆಳೆಯೆಂದು ಹುಕುಂ ಕೊಡುತ್ತದೆ. ಔಷಧಿಗೆ ಹಿಡಿಕೆಯಾದದ್ದೂ ಅದೇ. 2010ರಲ್ಲಿ ಪ್ರಕಟವಾದ ಟೋಗಾ ಪ್ರಯೋಗದಲ್ಲಿ ಕೀಮೋ ಜೊತೆ ಹರ್-2ಕ್ಕೆ ಗುರಿಯಿಟ್ಟ ಟ್ರಾಸ್ಟುಜುಮ್ಯಾಬ್ ಕೊಟ್ಟಾಗ ಇಂಥ ರೋಗಿಗಳ ಮಧ್ಯಕ ಆಯಸ್ಸು 11.1 ತಿಂಗಳಿಂದ 13.8ಕ್ಕೇರಿತು. ಇಷ್ಟೇನಾ ಎನ್ನುವವರು ಆ ಹಾಸಿಗೆಯ ಪಕ್ಕ ಕೂತವರಲ್ಲ.

*

ಹರ್-2 ಬಣ್ಣಕ್ಕೆ ಸೊನ್ನೆಯಿಂದ 3+ವರೆಗೆ ಅಂಕ. ಒಂದೇ ಗೆಡ್ಡೆಯ ಒಂದು ಮೂಲೆ 3+, ಇನ್ನೊಂದು ಸೊನ್ನೆ ಇರಬಹುದು. ಎಂಡೋಸ್ಕೋಪಿಯಲ್ಲಿ ಒಂದೇ ಚೂರು ತೆಗೆದು ಕೊಟ್ಟ ‘ನೆಗೆಟಿವ್’ ನನಗೆ ಒಪ್ಪಿಗೆಯಿಲ್ಲ. ಆರೆಂಟು ಚೂರಾದರೂ ಬೇಕು.

*

ಇ-ಕ್ಯಾಡ್ಹೆರಿನ್ ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಪ್ರೋಟೀನು. ಅದು ಕೈಕೊಟ್ಟರೆ ಕೋಶಗಳು ಗಂಟು ಕಟ್ಟುವ ಗೋಜಿಗೇ ಹೋಗುವುದಿಲ್ಲ. ಒಂಟೊಂಟಿಯಾಗಿ ಜಠರದ ಗೋಡೆಯೊಳಗೆ ನುಸುಳುತ್ತವೆ, ಎಷ್ಟೋ ಸಲ ಎಂಡೋಸ್ಕೋಪಿಯ ಕಣ್ಣಿಗೂ ಬೀಳದೆ. ನ್ಯೂಜಿಲೆಂಡಿನ ಮಾವೊರಿ ಮನೆತನವೊಂದರಲ್ಲಿ ತಲೆಮಾರುಗಳಿಂದ ಜನ ಹೀಗೇ ಸಾಯುತ್ತಿದ್ದರು. ಆ ಮನೆಯವರೇ ವಿಜ್ಞಾನಿಗಳನ್ನು ಹುಡುಕಿಕೊಂಡು ಹೋದರು. 1998ರಲ್ಲಿ ಕೆಟ್ಟ ಜೀನು ಸಿಕ್ಕಿತು, ಇ-ಕ್ಯಾಡ್ಹೆರಿನ್‌ನದ್ದು. ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಗೌರವವಿರುವ ಸಂಶೋಧನೆ ಇದು.

*

ನೋಟಕ್ಕೆ ಉಗ್ರವಾದದ್ದೆಲ್ಲ ನಡತೆಯಲ್ಲಿ ಉಗ್ರವಲ್ಲ. ಎಂಎಲ್‌ಎಚ್1, ಎಂಎಸ್‌ಎಚ್2 ಮುಂತಾದವು ಡಿಎನ್‌ಎ ನಕಲಿನ ತಪ್ಪು ತಿದ್ದುವ ಪ್ರೋಟೀನುಗಳು. ಇವು ಕಾಣೆಯಾದ ದೊಡ್ಡ ಕರುಳಿನ ಗೆಡ್ಡೆ ಸೂಕ್ಷ್ಮದರ್ಶಕದಡಿ ಒರಟಾಗಿ ಕಂಡರೂ ಎರಡನೇ ಹಂತದಲ್ಲಿ ಸಾಮಾನ್ಯವಾಗಿ ಸೌಮ್ಯ. 2022ರಲ್ಲಿ ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್‌ನವರು ಇಂಥ ಗುದನಾಳದ ಗೆಡ್ಡೆಯಿದ್ದ 12 ಮಂದಿಗೆ ದೋಸ್ಟಾರ್ಲಿಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧಿ ಕೊಟ್ಟ ಫಲಿತಾಂಶ ಪ್ರಕಟಿಸಿದರು. ಹನ್ನೆರಡೂ ಮಂದಿಯಲ್ಲಿ ಗೆಡ್ಡೆ ಕಾಣದಾಗಿತ್ತು. ಚಾಕು ತಾಗಿರಲಿಲ್ಲ.

*

ಕರುಳಿನ ನ್ಯೂರೋಎಂಡೋಕ್ರೈನ್ ಗೆಡ್ಡೆಯಲ್ಲಿ ಕೆಐ-67, ಅಂದರೆ ವಿಭಜನೆಗೆ ಇಳಿದ ಕೋಶಗಳ ಪಾಲು, ಶೇ. 20 ದಾಟಿದರೆ ಮೂರನೇ ದರ್ಜೆ. 19 ಬಂದವರಿಗೆ ನಿದ್ದೆ ಹತ್ತುತ್ತದೆ, 21 ಬಂದವರಿಗೆ ಹತ್ತುವುದಿಲ್ಲ. ಎಣಿಸಿದ ಕಣ್ಣು ಒಂದೇ.

*

1965ರಲ್ಲಿ ಮಾಂಟ್ರಿಯಲ್‌ನ ಗೋಲ್ಡ್ ಮತ್ತು ಫ್ರೀಡ್‌ಮನ್ ಸಿಇಎ ಕಂಡುಹಿಡಿದರು; ಇಂದು ರಕ್ತದಲ್ಲಿ ಅಳೆಯುವ ಕ್ಯಾನ್ಸರ್ ಗುರುತು ಅದು. ಆಪರೇಷನ್ ಆದವರಲ್ಲಿ ರೋಗ ಮರಳಿತೇ ಎಂದು ಕಾಯಲು ಅದು ಸರಿ. ಆದರೆ ಬೀಡಿ ಸೇದುವವರಲ್ಲೂ ಅದು ಏರುತ್ತದೆ, ಮೊದಲ ಹಂತದ ಕ್ಯಾನ್ಸರಿನಲ್ಲಿ ಏರದೆಯೂ ಇರುತ್ತದೆ. ಗಟ್ಟಿಮುಟ್ಟಾಗಿರುವವರ ‘ಫುಲ್ ಬಾಡಿ ಚೆಕಪ್’ಗೆ ಅದನ್ನು ತುರುಕುವುದು ಬರೀ ವ್ಯಾಪಾರ.

*

ಹೆದರಿಸುವ ಗುರುತುಗಳು ವೈದ್ಯಕೀಯ ಪತ್ರಿಕೆಗಳಲ್ಲಿ ನೂರಾರಿವೆ. ಚಿಕಿತ್ಸೆ ಬದಲಿಸುವವು ಬೆರಳೆಣಿಕೆ. ಡಾಕ್ಟರನ್ನು ಕೇಳಬೇಕಾದ ಪ್ರಶ್ನೆ: ಈ ಅಂಕಿಯಿಂದ ನನ್ನ ಔಷಧಿ ಬದಲಾಗುತ್ತದೆಯೇ?

*

ಜಠರದ ಕ್ಯಾನ್ಸರಿನ ಇನ್ನೊಂದು ಗುರುತಾದ ಕ್ಲಾಡಿನ್ 18.2 ಪ್ರೋಟೀನಿಗೆ ಗುರಿಯಿಟ್ಟ ಔಷಧಿಗೆ ಜಪಾನ್ ಒಪ್ಪಿಗೆ ಕೊಟ್ಟದ್ದು 2024ರಲ್ಲಿ. ಹೊಸ ಗುರುತು ಬಂದಾಗ ಹಳೆಯ ಬ್ಲಾಕನ್ನೇ ಮತ್ತೆ ಕೊಯ್ದು ನೋಡಬಹುದು. ನಿಮ್ಮ ಬ್ಲಾಕು ಎಲ್ಲಿದೆಯೆಂದು ವಿಚಾರಿಸಿಟ್ಟುಕೊಳ್ಳಿ. ರಿಪೋರ್ಟಿನಲ್ಲಿ ಎಂಎಲ್‌ಎಚ್1 ಅಥವಾ ಎಂಎಸ್‌ಎಚ್2 ಇಲ್ಲವೆಂದು ಬರೆದಿದ್ದರೆ, ಇದು ಮನೆತನದಿಂದ ಬಂದದ್ದೋ ಅಲ್ಲವೋ ಎಂದು ಡಾಕ್ಟರನ್ನು ಕೇಳಿ. ಹೌದೆಂದರೆ ಒಡಹುಟ್ಟಿದವರನ್ನೂ ಮಕ್ಕಳನ್ನೂ ಪರೀಕ್ಷೆಗೆ ಕರೆದೊಯ್ಯಿರಿ.