ಹಿಡಿದು ಬಿಟ್ಟರೆ ಹಿಂಸೆಯಲ್ಲವೇ?

ಅಹಿಂಸಾಣುವ್ರತದ ಸ್ವರೂಪ ಒಂದೇ ಆದರೂ ಅದರ ಮುಂದೆ ಬಂದು ನಿಲ್ಲುವ ಪ್ರಶ್ನೆಗಳು ದೇಶಕಾಲಗಳಿಗೆ ತಕ್ಕಂತೆ ಬೇರೆ ಬೇರೆಯಾಗುತ್ತವೆ. ಹಿಂದಿನ ತಲೆಮಾರಿನ ಶ್ರಾವಕರಿಗೆ ನೀರು ಸೋಸುವುದು, ರಾತ್ರಿಭೋಜನ ತ್ಯಾಗ, ಕಂದಮೂಲ ತ್ಯಾಗ ಇವೇ ನಿತ್ಯದ ವಿಚಾರಗಳಾಗಿದ್ದವು. ಮೀನು ಹಿಡಿಯುವ ಪ್ರಶ್ನೆ ಜೈನರ ಮನೆಯ ಹೊಸ್ತಿಲಿನವರೆಗೂ ಬರುತ್ತಿರಲಿಲ್ಲ. ಇಂದು ಸಮಾಜದ ಅನೇಕ ಮನೆಗಳ ಮಕ್ಕಳು ಉದ್ಯೋಗನಿಮಿತ್ತವಾಗಿ ಅಮೆರಿಕದ ಶಿಕಾಗೊ, ಮಿಲ್ವಾಕಿ ಮೊದಲಾದ ಸರೋವರತೀರದ ನಗರಗಳಲ್ಲಿ ನೆಲೆಸಿದ್ದಾರೆ. ಬೇಸಿಗೆಯ ರಜಾದಿನಗಳಲ್ಲಿ ಮಿಶಿಗನ್ ಸರೋವರಕ್ಕೆ ದೋಣಿಯಲ್ಲಿ ಹೋಗಿ ಸಾಲ್ಮನ್ ಮೀನಿಗೆ ಗಾಳ ಹಾಕುವುದು ಅಲ್ಲಿನವರ ಮೆಚ್ಚಿನ ವಿನೋದ. ಕಚೇರಿಯ ಸ್ನೇಹಿತರು ಜೈನ ತರುಣನನ್ನೂ ಆದರದಿಂದ ಕರೆಯುತ್ತಾರೆ. ಅವನು ಸಂಕೋಚಪಟ್ಟರೆ, "ನೀನು ತಿನ್ನಬೇಕಾಗಿಲ್ಲ, ಕೊಲ್ಲಲೂ ಬೇಕಾಗಿಲ್ಲ, ನಿನ್ನ ಗಾಳಕ್ಕೆ ಬಿದ್ದ ಮೀನನ್ನು ಮರಳಿ ನೀರಿಗೆ ಬಿಟ್ಟರಾಯಿತು" ಎನ್ನುತ್ತಾರೆ. ಕೊಲ್ಲದೆ, ತಿನ್ನದೆ, ಹಿಡಿದು ಬಿಟ್ಟುಬಿಟ್ಟರೆ ಅದರಲ್ಲಿ ದೋಷವೇನು? ಪ್ರಶ್ನೆ ಕುತರ್ಕದ್ದಲ್ಲ. ಇದಕ್ಕೆ ಗದರಿಕೆಯಿಂದಲ್ಲ, ವಿಚಾರದಿಂದ ಉತ್ತರ ದೊರೆಯಬೇಕು.

ಮೊದಲು ವಸ್ತುಸ್ಥಿತಿಯನ್ನು ತಿಳಿಯುವುದು ಉಚಿತ. ಮಿಶಿಗನ್ ಸರೋವರ ಸುಮಾರು 58,000 ಚದರ ಕಿಲೋಮೀಟರ್ ವಿಸ್ತಾರವುಳ್ಳ ಸಿಹಿನೀರಿನ ಸರೋವರ. ಅದರ ಅತ್ಯಧಿಕ ಆಳ 281 ಮೀಟರ್. ಸಾಲ್ಮನ್ ಅಲ್ಲಿನ ಮೂಲ ನಿವಾಸಿಯಲ್ಲ. ಪೆಸಿಫಿಕ್ ಸಾಗರದ ಮೀನು. ಸರೋವರದಲ್ಲಿ ಮೊದಲು ಲೇಕ್ ಟ್ರೌಟ್ ಎಂಬ ದೊಡ್ಡ ಮೀನು ವಿಪುಲವಾಗಿತ್ತು. ಮಿತಿಮೀರಿದ ಮೀನುಗಾರಿಕೆ ಒಂದು ಕಡೆ. ಹಡಗುಗಳಿಗಾಗಿ ತೋಡಿದ ಕಾಲುವೆಯ ಮಾರ್ಗವಾಗಿ ಒಳಬಂದು ರಕ್ತ ಹೀರುವ ಲ್ಯಾಂಪ್ರಿ ಮತ್ತೊಂದು ಕಡೆ. ಇವೆರಡರಿಂದ 1950ರ ದಶಕದ ವೇಳೆಗೆ ಟ್ರೌಟ್ ನಾಶವಾಯಿತು. ತನ್ನನ್ನು ತಿನ್ನುವ ಮೀನು ಇಲ್ಲವಾದುದರಿಂದ, ಕಡಲಿನಿಂದ ಬಂದ ಆಲ್‌ವೈಫ್ ಎಂಬ ಸಣ್ಣ ಮೀನು ಎಣಿಕೆಗೆ ಸಿಗದಷ್ಟು ಹೆಚ್ಚಿತು. 1967ರ ಬೇಸಿಗೆಯಲ್ಲಿ ಅವು ರಾಶಿರಾಶಿಯಾಗಿ ಸತ್ತು ದಡಕ್ಕೆ ಬಿದ್ದು ಕೊಳೆತವು. ಅದಕ್ಕೆ ಒಂದು ವರ್ಷ ಮೊದಲೇ, 1966ರಲ್ಲಿ, ಮಿಶಿಗನ್ ರಾಜ್ಯದ ಅಧಿಕಾರಿಗಳಾದ ಹೋವರ್ಡ್ ಟ್ಯಾನರ್ ಮತ್ತು ವೇಯ್ನ್ ಟೋಡಿ ಅವರ ಯೋಜನೆಯಂತೆ ಆರೆಗಾನ್‌ನಿಂದ ತರಿಸಿದ ಮೊಟ್ಟೆಗಳಿಂದ ಬೆಳೆಸಿದ ಕೋಹೊ ಸಾಲ್ಮನ್ ಮರಿಗಳನ್ನು ಲಕ್ಷಗಟ್ಟಲೆ ನೀರಿಗೆ ಬಿಡಲಾಗಿತ್ತು. ಮರುವರ್ಷ ಚಿನೂಕ್ ಜಾತಿಯ ಮರಿಗಳನ್ನೂ ಬಿಡಲಾಯಿತು. ಆಲ್‌ವೈಫ್‌ಗಳನ್ನು ಸಾಲ್ಮನ್ ತಿನ್ನಲಿ, ಸಾಲ್ಮನ್‌ಗಳನ್ನು ಜನರು ವಿನೋದಕ್ಕಾಗಿ ಹಿಡಿಯಲಿ ಎಂಬ ಎರಡು ಉದ್ದೇಶಗಳು ಈ ಯೋಜನೆಯಲ್ಲಿದ್ದವು. ಜನರ ಉತ್ಸಾಹ ಎಷ್ಟಿತ್ತೆಂದರೆ, 1967ರ ಸೆಪ್ಟೆಂಬರ್ 23ರಂದು ಬಿರುಗಾಳಿಯ ಮುನ್ಸೂಚನೆಯನ್ನೂ ಲೆಕ್ಕಿಸದೆ ಸಣ್ಣ ದೋಣಿಗಳಲ್ಲಿ ಹೋದವರಲ್ಲಿ ಏಳು ಮಂದಿ ನೀರಿನಲ್ಲಿ ಮುಳುಗಿ ಸತ್ತರು.

ಹಿಡಿಯುವ ವಿಧಾನವನ್ನೂ ಗಮನಿಸಬೇಕು. ಬೇಸಿಗೆಯಲ್ಲಿ ಮೇಲಿನ ನೀರು ಬಿಸಿಯಾದಾಗ ಸಾಲ್ಮನ್ ಸುಮಾರು 12 ಡಿಗ್ರಿ ಶಾಖವಿರುವ ತಂಪು ಪದರಕ್ಕೆ ಇಳಿಯುತ್ತದೆ. ಅಲ್ಲಿಗೆ ಗಾಳವನ್ನು ಮುಟ್ಟಿಸಲು ಉಕ್ಕಿನ ತಂತಿಗೆ ನಾಲ್ಕೈದು ಕಿಲೋ ತೂಕದ ಸೀಸದ ಗುಂಡನ್ನು ಕಟ್ಟಿ ಇಳಿಬಿಡುತ್ತಾರೆ. ಮೀನು ಎಷ್ಟು ಆಳದಲ್ಲಿದೆ ಎಂಬುದನ್ನು ಯಂತ್ರವೇ ತೋರಿಸುತ್ತದೆ. ಚಮಚದಂತೆ ಬಾಗಿದ ಹೊಳೆಯುವ ತಗಡನ್ನು ಸಣ್ಣ ಮೀನೆಂದು ಭ್ರಮಿಸಿ ಸಾಲ್ಮನ್ ಬಾಯಿ ಹಾಕಿದೊಡನೆ ಮುಳ್ಳು ನಾಟುತ್ತದೆ. ಆಮೇಲೆ ನಡೆಯುವುದೇ ಅವರು ಬಯಸಿ ಬಂದ ಆಟ. ಮೀನು ಪ್ರಾಣಭಯದಿಂದ ದೂರಕ್ಕೆ ಎಳೆದೋಡುತ್ತದೆ. ಹಿಡಿದವನು ದಾರವನ್ನು ಸಡಿಲಿಸಿ, ಮತ್ತೆ ಸುತ್ತಿ, ಅದರ ಶಕ್ತಿ ಉಡುಗುವವರೆಗೆ ಆಡಿಸುತ್ತಾನೆ. ಹೆಚ್ಚು ಹೊತ್ತು ಹೋರಾಡುವ ಮೀನೇ ಉತ್ತಮ ಮೀನು ಎಂಬ ಪ್ರಶಂಸೆ ಅಲ್ಲಿ ರೂಢಿಯಲ್ಲಿದೆ. ಹೀಗೆ ದಣಿದ ಮೀನುಗಳಲ್ಲಿ ಬಹುಪಾಲು ಅಡಿಗೆಮನೆಗೆ ಹೋಗುತ್ತವೆ. ಕೆಲವನ್ನು ಮುಳ್ಳು ಬಿಡಿಸಿ ನೀರಿಗೆ ಬಿಡುತ್ತಾರೆ. ತಂಪಾದ ಆಳದಿಂದ ಬಂದು ಬಿಸಿನೀರಿನಲ್ಲಿ ಬಿಡಲ್ಪಟ್ಟ, ಕಿವಿರಿಗೆ ಗಾಯವಾದ ಮೀನು ಬದುಕಿಯೇ ಬದುಕುತ್ತದೆ ಎನ್ನುವಂತಿಲ್ಲ.

ಆದರೂ ವಾದಕ್ಕಾಗಿ, ಬಿಟ್ಟ ಮೀನು ಬದುಕಿತು ಎಂದೇ ಒಪ್ಪೋಣ. ಆಗಲೂ ಅದು ಹಿಂಸೆಯೇ? ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಗಿಂತ ಮೊದಲು ಪ್ರಮಾದವನ್ನು ಇರಿಸುತ್ತದೆ. ಕಷಾಯಯುಕ್ತವಾದ ಮನೋವಚನಕಾಯಗಳ ಪ್ರವೃತ್ತಿಯೇ ಮೂಲ. ಪ್ರಾಣದ ಕೇಡು ಅದರ ಫಲ. ಅಹಿಂಸಾಣುವ್ರತದ ಐದು ಅತಿಚಾರಗಳು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಹೊಡೆದು ನೋಯಿಸುವುದು. ಈ ಐದರಲ್ಲಿ ಯಾವುದೂ ಜೀವ ತೆಗೆಯುವ ಕಾರ್ಯವಲ್ಲ. ಕಟ್ಟುವುದು, ಹೊಡೆಯುವುದು, ಅಂಗವನ್ನು ಭೇದಿಸುವುದು ಇಂಥವೇ. ಪ್ರಾಣಿ ಬದುಕಿ ಉಳಿದರೂ ವ್ರತಕ್ಕೆ ಕಲೆ ತಗಲುತ್ತದೆ ಎಂಬುದನ್ನು ಆಚಾರ್ಯರು ಇದರಿಂದಲೇ ಸ್ಪಷ್ಟಪಡಿಸಿದ್ದಾರೆ. ಗಾಳದ ದಾರ ಬಂಧವಾಯಿತು, ಮುಳ್ಳು ಛೇದವಾಯಿತು. ಮೀನು ಪಂಚೇಂದ್ರಿಯ ತಿರ್ಯಂಚ ಜೀವ ಎಂಬುದಂತೂ ಜೈನ ಬಾಲಕರಿಗೂ ತಿಳಿದ ಮಾತು.

ಸೋಮದೇವಸೂರಿಗಳು 959ರಲ್ಲಿ ಮುಗಿಸಿದ ಯಶಸ್ತಿಲಕದಲ್ಲಿ ಬೆಸ್ತನನ್ನೂ ಒಕ್ಕಲಿಗನನ್ನೂ ಹೋಲಿಸಿದ್ದಾರೆ. ಉಳುವವನಿಂದ ಮಣ್ಣಿನ ಅಸಂಖ್ಯ ಜೀವಗಳು ಸಾಯುತ್ತವೆ, ಆದರೆ ಅವನ ಸಂಕಲ್ಪ ಬೆಳೆಯ ಮೇಲಿದೆ. ಬಲೆ ಹಾಕಿ ಕುಳಿತವನಿಗೆ ಒಂದು ಮೀನೂ ಸಿಗದಿರಬಹುದು, ಆದರೆ ಅವನ ಸಂಕಲ್ಪ ಜೀವದ ಮೇಲಿದೆ. ಆದುದರಿಂದ ಪಾಪದ ಭಾರ ಸತ್ತ ಜೀವಗಳ ಎಣಿಕೆಯಿಂದಲ್ಲ, ಪರಿಣಾಮದಿಂದ, ಅಂದರೆ ಅಂತರಂಗದ ಭಾವದಿಂದ ನಿರ್ಧಾರವಾಗುತ್ತದೆ. ಮಹಾಮತ್ಸ್ಯದ ಕಿವಿಯಲ್ಲಿ ಕುಳಿತ ತಂದುಲಮತ್ಸ್ಯದ ದೃಷ್ಟಾಂತವೂ ಇದನ್ನೇ ಹೇಳುತ್ತದೆ. ಅಕ್ಕಿಕಾಳಿನಷ್ಟು ಗಾತ್ರದ ಆ ಮೀನು ಯಾವ ಜೀವವನ್ನೂ ನುಂಗಲಿಲ್ಲ. ನುಂಗುವ ಯೋಚನೆಯಲ್ಲೇ ಮುಳುಗಿ ಏಳನೆಯ ನರಕಕ್ಕೆ ಹೋಯಿತು. ಜನ್ನನ ಯಶೋಧರ ಚರಿತೆಯನ್ನು ಓದಿದ ಕನ್ನಡಿಗರಿಗೆ ಹಿಟ್ಟಿನ ಕೋಳಿಯ ಸಂಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಬಿಡುವುದಕ್ಕೆ ಬೆಲೆಯೇ ಇಲ್ಲವೇ? ಇದೆ. ಕಥಾಕೋಶಗಳಲ್ಲಿ ಬರುವ ಮೃಗಸೇನನೆಂಬ ಬೆಸ್ತನನ್ನು ನೆನೆಯಬೇಕು. ಬಲೆಗೆ ಮೊದಲು ಬಿದ್ದ ಮೀನನ್ನು ಕೊಲ್ಲಬಾರದೆಂಬ ಸಣ್ಣ ವ್ರತವನ್ನು ಅವನು ಮುನಿಗಳಿಂದ ಪಡೆದ. ಅಂದು ಮೊದಲು ಸಿಕ್ಕ ಮೀನಿಗೆ ಗುರುತು ಕಟ್ಟಿ ಬಿಟ್ಟ. ಮತ್ತೆ ಮತ್ತೆ ಅದೇ ಮೀನು ಬಲೆಗೆ ಬಿತ್ತು. ಐದು ಸಲವೂ ಬಿಟ್ಟು ಬರಿಗೈಯಲ್ಲಿ ಮನೆಗೆ ಬಂದ. ಹೆಂಡತಿ ಬಾಗಿಲು ತೆರೆಯಲಿಲ್ಲ. ಹೊರಗೆ ಮಲಗಿದವನು ಹಾವು ಕಚ್ಚಿ ಸತ್ತ. ಆ ಮೀನನ್ನು ಐದು ಸಲ ಉಳಿಸಿದ ಪುಣ್ಯದಿಂದ ಮುಂದಿನ ಜನ್ಮದಲ್ಲಿ ಅವನ ಪ್ರಾಣ ಐದು ಸಲ ಉಳಿಯಿತು.

ಹೊರನೋಟಕ್ಕೆ ಮೃಗಸೇನನೂ ಹಿಡಿದು ಬಿಟ್ಟವನೇ, ಸರೋವರದ ವಿನೋದಿಯೂ ಹಿಡಿದು ಬಿಟ್ಟವನೇ. ಆದರೆ ಮೃಗಸೇನನು ಬಿಟ್ಟದ್ದು ತನ್ನ ಅಂದಿನ ಅನ್ನವನ್ನು. ಅವನಿಗೆ ಹಿಡಿಯುವುದು ಹೊಟ್ಟೆಯ ಪಾಡು, ಬಿಡುವುದು ಧರ್ಮ. ಒಂದೊಂದು ಸಲ ಬಿಟ್ಟಾಗಲೂ ಅವನಿಗೆ ನಷ್ಟವಾಯಿತು. ವಿನೋದಿಯಾದರೋ ತನಗೆ ಬೇಕಾದುದನ್ನು ಪೂರ್ಣವಾಗಿ ಪಡೆದ ಮೇಲೆ ಬಿಡುತ್ತಾನೆ. ಅವನಿಗೆ ಬೇಕಾಗಿದ್ದುದು ಮೀನಿನ ಮಾಂಸವಲ್ಲ, ಅದರ ಭಯ ಮತ್ತು ಒದ್ದಾಟ. ಸರಕನ್ನೆಲ್ಲ ತೆಗೆದುಕೊಂಡು ಬರಿಯ ಚೀಲವನ್ನು ಹಿಂದಿರುಗಿಸಿದವನು ದಾನಿ ಎನಿಸುವನೇ? ತಾನೇ ಹುಟ್ಟಿಸಿದ ಭಯವನ್ನು ತಾನೇ ತೆಗೆದರೆ ಅದು ಅಭಯದಾನವಾಗದು.

ಮೀನಿಗೆ ನೋವಿನ ಅರಿವಿಲ್ಲ ಎಂದು ಕೆಲವರು ಸಮಾಧಾನ ಹೇಳಿಕೊಳ್ಳುವುದುಂಟು. 2003ರಲ್ಲಿ ಬ್ರಿಟನ್ನಿನ ಲಿನ್ ಸ್ನೆಡನ್ ಮತ್ತು ಸಂಗಡಿಗರು ಸಾಲ್ಮನ್‌ನ ಹತ್ತಿರದ ಬಂಧುವಾದ ರೇನ್‌ಬೋ ಟ್ರೌಟ್ ಮೀನನ್ನು ಪರೀಕ್ಷಿಸಿ, ಅದರ ತಲೆ ಮತ್ತು ಬಾಯಿಯ ಭಾಗದಲ್ಲಿ ನೋವನ್ನು ಗ್ರಹಿಸುವ ನರತಂತುಗಳಿರುವುದನ್ನು ತೋರಿಸಿದರು. ತುಟಿಗೆ ಉರಿಯುವ ದ್ರವ್ಯವನ್ನು ಚುಚ್ಚಿದಾಗ ಮೀನುಗಳು ತುಟಿಯನ್ನು ಕಲ್ಲುಗಳಿಗೆ ಉಜ್ಜಿದವು, ಬಹಳ ಹೊತ್ತು ಆಹಾರವನ್ನು ಮುಟ್ಟಲಿಲ್ಲ. ವಿಜ್ಞಾನಿಗಳಲ್ಲಿ ಈ ಬಗ್ಗೆ ಭಿನ್ನಾಭಿಪ್ರಾಯ ಇನ್ನೂ ಇದೆ. ಆದರೆ ಸಂಶಯವಿರುವಲ್ಲಿ ಜೀವದ ಪಕ್ಷವನ್ನು ವಹಿಸುವುದು ಶ್ರಾವಕನ ಮಾರ್ಗ. ಸ್ವಿಟ್ಜರ್ಲೆಂಡ್ ತನ್ನ 2008ರ ಪ್ರಾಣಿರಕ್ಷಣಾ ನಿಯಮಗಳಲ್ಲಿ ಮರಳಿ ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದನ್ನು ನಿಷೇಧಿಸಿತು. ತಿನ್ನುವುದಕ್ಕಾದರೆ ಹಿಡಿಯಿರಿ, ಆಟಕ್ಕಾಗಿ ನೋಯಿಸಬೇಡಿ ಎಂಬುದು ಆ ಕಾನೂನಿನ ತಾತ್ಪರ್ಯ. ಅದರ ಮೊದಲ ಭಾಗ ಜೈನನಿಗೆ ಸಮ್ಮತವಲ್ಲ. ಎರಡನೆಯದನ್ನು ಮಾಂಸಾಹಾರಿಗಳ ದೇಶವೊಂದು ಶಾಸನದಲ್ಲಿ ಬರೆದಿತು ಎಂಬುದು ವಿಚಾರಾರ್ಹ.

ಇನ್ನೊಂದು ವಾದ ಹೆಚ್ಚು ಬಲವಾದುದು. ಮೀನು ಹಿಡಿಯುವವರು ಕೊಡುವ ಪರವಾನಗಿ ಶುಲ್ಕ ಮತ್ತು ಸಲಕರಣೆಗಳ ಮೇಲಿನ ತೆರಿಗೆಯಿಂದಲೇ ಮರಿಗಳನ್ನು ಬೆಳೆಸಲಾಗುತ್ತದೆ, ನೀರು ಶುಚಿಯಾಗಿರುತ್ತದೆ. ಅವರಿಲ್ಲದಿದ್ದರೆ ಸರೋವರದ ಸಮತೋಲವೂ ಇಲ್ಲ, ಸಾಲ್ಮನ್ನೂ ಇಲ್ಲ ಎನ್ನುತ್ತಾರೆ. ಇದರಲ್ಲಿ ಸತ್ಯಾಂಶವಿದೆ, ಅನೇಕಾಂತವನ್ನು ನಂಬುವವರು ಅದನ್ನು ಅಲ್ಲಗಳೆಯಬಾರದು. ನೀರಿನ ಶುಚಿತ್ವಕ್ಕಾಗಿ ಹೋರಾಡಿದವರಲ್ಲಿ ಗಾಳ ಹಿಡಿದವರು ಅನೇಕರಿದ್ದಾರೆ. ಆದರೆ ಎರಡು ಮಾತು ಉಳಿಯುತ್ತವೆ. ಒಂದು, ಜನ್ಮಕ್ಕೆ ಹಣ ಕೊಟ್ಟವನಿಗೆ ಪ್ರಾಣದ ಮೇಲೆ ಒಡೆತನ ಬರುವುದಿಲ್ಲ. ಬರುವುದಾದರೆ ಮಕ್ಕಳನ್ನು ಸಾಕಿದವರಿಗೂ ಆ ಅಧಿಕಾರ ಬರಬೇಕಾಗುತ್ತಿತ್ತು. ಎರಡು, ಆಲ್‌ವೈಫ್ ಹತೋಟಿಯಲ್ಲಿರುವುದು ಸಾಲ್ಮನ್ ತಿನ್ನುವುದರಿಂದ, ಮನುಷ್ಯ ಆನಂದಪಡುವುದರಿಂದಲ್ಲ. ಆ ಸಮತೋಲವಾದರೂ ಸ್ಥಿರವಾಗಿ ಉಳಿಯಲಿಲ್ಲ. ಹಡಗುಗಳ ನೀರಿನೊಡನೆ ಬಂದ ಕ್ವಾಗ ಎಂಬ ಚಿಪ್ಪುಜೀವಿ ಸಣ್ಣ ಮೀನುಗಳ ಆಹಾರವನ್ನು ಕಬಳಿಸಿತು. ಪಕ್ಕದ ಹ್ಯೂರನ್ ಸರೋವರದಲ್ಲಿ 2004ರ ಸುಮಾರಿಗೆ ಆಲ್‌ವೈಫ್ ಕುಸಿದು, ಅದರ ಬೆನ್ನಲ್ಲೇ ಚಿನೂಕ್ ಸಾಲ್ಮನ್ನೂ ಕ್ಷೀಣಿಸಿತು. ಮಿಶಿಗನ್ ಸರೋವರದಲ್ಲಿ 2013ರಲ್ಲಿ ಚಿನೂಕ್ ಮರಿಗಳನ್ನು ಬಿಡುವ ಪ್ರಮಾಣವನ್ನು ಅರ್ಧದಷ್ಟು ಇಳಿಸಬೇಕಾಯಿತು. ಸಾಲ ತೀರಿಸಲು ಸಾಲ ಮಾಡುವ ವ್ಯಾಪಾರಿಯ ಖಾತೆಯಂತೆ, ಒಂದು ಹಸ್ತಕ್ಷೇಪ ಮತ್ತೊಂದನ್ನು ಬೇಡುತ್ತಲೇ ಇದೆ.

ಈ ಪ್ರಶ್ನೆ ಕರ್ನಾಟಕಕ್ಕೆ ಹೊರಗಿನದೇನಲ್ಲ. ಕಾವೇರಿ ತೀರದ ಭೀಮೇಶ್ವರಿಯಲ್ಲಿ ಮಹಶೀರ್ ಮೀನನ್ನು ಹಿಡಿದು ಬಿಡುವ ವಿನೋದಕ್ಕಾಗಿ ದೂರದೇಶದವರು ಬರುತ್ತಿದ್ದರು. ಅದೇ ಬಳಗದ ಮೀನುಗಳಿಗೆ ಶೃಂಗೇರಿಯ ತುಂಗಾ ತೀರದಲ್ಲಿ ಯಾತ್ರಿಕರು ಆಹಾರ ಹಾಕಿ, ಅವು ಮೆಟ್ಟಿಲಿನವರೆಗೆ ಬರುವುದನ್ನು ನೋಡಿ ಸಂತೋಷಪಡುತ್ತಾರೆ. ಮೀನಿನ ಸಹವಾಸದ ಆನಂದಕ್ಕೆ ಮುಳ್ಳು ಬೇಕಾಗಿಲ್ಲ ಎಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ.

ಈಗ ಆಚರಣೆಯ ಮಾತು. ಕೃತ, ಕಾರಿತ, ಅನುಮೋದನ ಎಂಬ ಮೂರರಲ್ಲಿ ಕೈಯಿಂದ ಗಾಳ ಹಿಡಿಯದವನೂ ಅನುಮೋದನೆಯಲ್ಲಿ ಸಿಲುಕಬಹುದು. ದೋಣಿಯಲ್ಲಿ ಕುಳಿತು ಬೇರೆಯವರ ಮೀನು ಒದ್ದಾಡುವಾಗ ಚಪ್ಪಾಳೆ ತಟ್ಟಿದರೆ ಮನಸ್ಸು ಗಾಳದ ತುದಿಯಲ್ಲೇ ಇರುತ್ತದೆ. ಕರೆದವರನ್ನು ಪಾಪಿಗಳೆಂದು ಜರೆಯುವುದು ಇನ್ನೊಂದು ಕಷಾಯ. "ನಿಮ್ಮ ಪ್ರೀತಿಗೆ ಕೃತಜ್ಞ, ಜೀವಕ್ಕೆ ಭಯ ಹುಟ್ಟಿಸುವ ಆಟದಲ್ಲಿ ನಾನು ಸೇರಲಾರೆ, ಬೇರೆ ದಿನ ಸರೋವರ ನೋಡಲು ಒಟ್ಟಿಗೆ ಹೋಗೋಣ" ಎಂದು ನಗುಮುಖದಿಂದ ಹೇಳಿದರೆ ಸ್ನೇಹವೂ ಉಳಿಯುತ್ತದೆ, ವ್ರತವೂ ಉಳಿಯುತ್ತದೆ.

ವ್ಯಾಪಾರಸ್ಥರ ಪ್ರಶ್ನೆ ಇನ್ನೂ ಸೂಕ್ಷ್ಮ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳಲ್ಲಿ ಹಿಂಸಾದಾನವನ್ನು, ಅಂದರೆ ಹಿಂಸೆಯ ಸಾಧನಗಳನ್ನು ಪರರಿಗೆ ಒದಗಿಸುವುದನ್ನು, ಎಣಿಸಿದ್ದಾರೆ. ಸರೋವರತೀರದಲ್ಲಿ ವಸತಿಗೃಹ ನಡೆಸುವ ಜೈನನು ದಣಿದು ಬಂದ ಯಾವನಿಗಾದರೂ ಕೋಣೆ ಕೊಡಬಹುದು. ತಂಗುವವನ ಮರುದಿನದ ಕಾರ್ಯ ಅವನ ಸಂಕಲ್ಪವಲ್ಲ. ಆದರೆ ಅದೇ ಗೃಹದ ಮುಂಗಟ್ಟೆಯಲ್ಲಿ ಗಾಳ ಮತ್ತು ಎರೆಯನ್ನು ಮಾರಿದರೆ, ಆ ವಸ್ತುವಿಗೆ ಬೇರೆ ಉಪಯೋಗವೇ ಇಲ್ಲ. ಲಾಭ ಕಡಿಮೆಯಾದೀತು ಎಂಬುದು ನಿಜ. ನಷ್ಟವಿಲ್ಲದ ವ್ರತವನ್ನು ಪಾಲಿಸುವುದಕ್ಕೆ ವ್ರತಿಯೇ ಬೇಕಾಗಿಲ್ಲ. ಬಸದಿಯ ಟ್ರಸ್ಟುಗಳೂ ದಾನದ ಮೊತ್ತವನ್ನು ಮಾತ್ರವಲ್ಲದೆ ಅದರ ಮೂಲವನ್ನೂ ವಿನಯದಿಂದ ಕೇಳುವ ಪದ್ಧತಿಯನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಶಿಖರದ ಕಳಶಕ್ಕೆ ಬಂದ ಹಣ ಗಾಳದ ಹಣವಾಗಿದ್ದರೆ, ದಾನಿಯ ಮನಸ್ಸು ನೋಯದಂತೆ ಅದನ್ನು ಬೇಡವೆನ್ನುವ ಧೈರ್ಯವೂ ಟ್ರಸ್ಟಿನ ಧರ್ಮವೇ.

ಕೊನೆಯದಾಗಿ, ಗಾಳವನ್ನು ಎಂದೂ ಮುಟ್ಟದವರು ತಮ್ಮನ್ನೂ ಪರೀಕ್ಷಿಸಿಕೊಳ್ಳಬೇಕು. ಸಾಲಗಾರನನ್ನು ದಿನವಿಡೀ ಅಂಗಡಿಯ ಮುಂದೆ ಕಾಯಿಸಿ, ಅವನ ಮುಖ ಬಾಡುವುದನ್ನು ನೋಡಿ, ಸಂಜೆ ವಾಯಿದೆ ಕೊಟ್ಟು ಕಳುಹಿಸಿ ತಾನು ದಯಾಳುವೆಂದು ಹಿಗ್ಗುವವನೂ ಹಿಡಿದು ಬಿಡುವ ಆಟವನ್ನೇ ಆಡುತ್ತಿದ್ದಾನೆ. ಸೊಸೆಯನ್ನೋ ಕೆಲಸದಾಳನ್ನೋ ಹೆದರಿಸಿ ಆಮೇಲೆ ಕ್ಷಮಿಸುವ ಯಜಮಾನನೂ ಹಾಗೆಯೇ. ಪರಜೀವದ ಭಯ ತನಗೆ ರುಚಿಸದಂತಾಗುವುದೇ ಅಹಿಂಸೆಯ ಮೊದಲ ಮೆಟ್ಟಿಲು. ಅದು ಸಾಧಿಸಿದವನಿಗೆ ಸರೋವರದ ಮೀನನ್ನು ಬಿಡಬೇಕೇ ಎಂಬ ಪ್ರಶ್ನೆ ಏಳುವುದಿಲ್ಲ. ಅವನು ಅದನ್ನು ಹಿಡಿದಿರುವುದೇ ಇಲ್ಲ.