ಎಲ್ಲಿ ನಿಂತಿದೆ?

ಒಂದು ವಸ್ತು ಕೆಲಸ ಮಾಡದಿದ್ದಾಗ ನಾವು ಆಡುವ ಮೊದಲ ಮಾತು "ಕೆಟ್ಟು ಹೋಯ್ತು." ಎರಡನೆಯದು "ಯಾರು ಮುಟ್ಟಿದ್ರು?" ಇವೆರಡಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಉಳಿದೇ ಹೋಗುತ್ತದೆ: ಎಲ್ಲಿ ನಿಂತಿದೆ?

ಈ ಪ್ರಶ್ನೆಯನ್ನು ನನಗೆ ಹಚ್ಚಿಕೊಟ್ಟದ್ದು ಶಾಲೆಯ ಕಂಪ್ಯೂಟರು. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕುಗಳಲ್ಲೇ ನನ್ನ ನೌಕರಿ ಕಳೆದಿದೆ. ಇಲ್ಲಿನ ಬಿಸಿಲು, ಧೂಳು, ಹೇಳದೆ ಕೇಳದೆ ಹೋಗಿಬರುವ ಕರೆಂಟಿನಲ್ಲಿ ಯಂತ್ರಗಳ ಬದುಕೂ ಸುಲಭವಲ್ಲ. ಗುಂಡಿ ಒತ್ತಿದರೆ ಪರದೆ ಕಪ್ಪಗೇ ಇರುತ್ತದೆ. ಆದರೆ ಕಂಪ್ಯೂಟರು ಏಳುವಾಗ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಮುಂದಿನ ದೀಪವೇ ಹತ್ತದಿದ್ದರೆ ಮೊದಲು ಪ್ಲಗ್ಗು, ವೈರು ನೋಡಬೇಕು. ಈಚಿನ ಕೆಲವು ಯಂತ್ರಗಳ ಮದರ್‌ಬೋರ್ಡಿನ ಮೇಲೆ ಸಾಸಿವೆಕಾಳಿನಷ್ಟು ನಾಲ್ಕು ದೀಪಗಳಿರುತ್ತವೆ: ಪ್ರೊಸೆಸರಿಗೊಂದು, ರ‍್ಯಾಮಿಗೊಂದು, ಪರದೆಗೆ ಚಿತ್ರ ಕಳಿಸುವ ಭಾಗಕ್ಕೊಂದು, ಡಿಸ್ಕಿಗೊಂದು. ಅವು ಒಂದೊಂದಾಗಿ ಹತ್ತಿ ಆರಬೇಕು. ಯಾವುದು ಆರದೆ ಉಳಿಯಿತೋ ಅಲ್ಲಿ ಕೆಲಸ ನಿಂತಿದೆ ಎಂದರ್ಥ. ಹಳೆಯ ಯಂತ್ರಗಳಲ್ಲಿ ಬೀಪ್ ಸದ್ದನ್ನು ಎಣಿಸಿ ಇದನ್ನು ತಿಳಿಯುತ್ತಿದ್ದರು.

ರ‍್ಯಾಮಿನ ದೀಪ ಉಳಿದ ಮಾತ್ರಕ್ಕೆ ರ‍್ಯಾಮು ಸತ್ತಿದೆ ಎಂದಲ್ಲ. ಎಷ್ಟೋ ಸಲ ಅದು ತನ್ನ ಜಾಗದಲ್ಲಿ ಸಡಿಲಾಗಿರುತ್ತದೆ. ಕರೆಂಟು ತೆಗೆದು, ಅದನ್ನು ಬಿಚ್ಚಿ, ಧೂಳು ಒರೆಸಿ, ಗಟ್ಟಿಯಾಗಿ ಕೂಡಿಸಿದರೆ ಯಂತ್ರ ಏಳುತ್ತದೆ. ಎಲ್ಲಿ ನಿಂತಿತೆಂದು ದೀಪ ತೋರಿಸುತ್ತದೆ, ತೀರ್ಪು ಕೊಡುವುದಿಲ್ಲ. ಆ ಅವಸರ ನಮ್ಮದು.

ಗಣಿತದ ಪ್ರಶ್ನೆಗೆ ತಲೆ ತಗ್ಗಿಸಿ ನಿಲ್ಲುವ ಹುಡುಗಿಯನ್ನು "ದಡ್ಡಿ" ಎನ್ನಲು ಅರೆನಿಮಿಷ ಸಾಕು. ಆದರೆ ಆ ಮಾತು ಶಾಲೆಯಲ್ಲೇ ಉಳಿಯುವುದಿಲ್ಲ. "ಓದು ತಲಿಗಿ ಹತ್ತೂದಿಲ್ಲಂತ, ಅಕ್ಕೋರೇ ಹೇಳ್ಯಾರ" ಎಂದು ಮನೆಯಲ್ಲಿ ಮದುವೆಯ ಮಾತು ಸುರುವಾಗುತ್ತದೆ. ನಮ್ಮ ಒಂದು ಶಬ್ದ ಒಂದು ಜೀವದ ದಾರಿಯನ್ನೇ ಮುಚ್ಚಬಹುದು.

ಕ್ರಮವಾಗಿ ನೋಡಿದರೆ? ಮೊದಲು, ಹೊಟ್ಟೆಗೆ ಬಿದ್ದಿದೆಯೇ? ಶಾಲೆಯ ಬಿಸಿಯೂಟ 2002ರಲ್ಲಿ ರಾಜ್ಯದಲ್ಲಿ ಮೊದಲು ಸುರುವಾದದ್ದು ನಮ್ಮ ಕಲಬುರಗಿಯೂ ಸೇರಿದಂತೆ ಈಶಾನ್ಯದ ಜಿಲ್ಲೆಗಳಲ್ಲಿ. ಪಾಠಕ್ಕಿಂತ ಮೊದಲು ಹಸಿವು ಎಂದು ಸರಕಾರವೂ ಒಪ್ಪಿದಂತಾಯಿತು. ಆಮೇಲೆ, ಬೋರ್ಡಿನ ಅಕ್ಷರ ಕಾಣುತ್ತದೆಯೇ? ಕಿವಿ ಕೇಳುತ್ತದೆಯೇ? ಅವ್ವ ಅಪ್ಪ ದುಡಿಯಲು ಪುಣೆ, ಮುಂಬಯಿಗೆ ಹೋಗಿ ಅಜ್ಜಿಯ ಹತ್ತಿರ ಉಳಿದ ಮಗುವೇ? ಇಷ್ಟಾದ ಮೇಲೆ ಬುದ್ಧಿಯ ಮಾತು.

"ಕ್ಲಾಸು ತುಂಬ ಮಕ್ಕಳು, ಎಷ್ಟು ಜನರ ದೀಪ ನೋಡೋದು?" ಎಂದು ಕೇಳುವವರಿದ್ದಾರೆ. ಅವರ ಕಷ್ಟ ಸುಳ್ಳಲ್ಲ. ಆದರೆ ಹೆಸರಿಡಲು ಸಿಗುವ ಅರೆನಿಮಿಷ ಒಂದು ಪ್ರಶ್ನೆ ಕೇಳಲೂ ಸಿಗುತ್ತದೆ. ಅಲ್ಲದೆ ಯಂತ್ರಕ್ಕೆ ನಾಚಿಕೆಯಿಲ್ಲ, ತನ್ನ ಕೊರತೆಯನ್ನು ಎಲ್ಲರೆದುರು ತೋರಿಸುತ್ತದೆ. ಮಗು ಮುಚ್ಚಿಟ್ಟುಕೊಳ್ಳುತ್ತದೆ. ಹಸಿದು ಬಂದ ಹುಡುಗಿಯೇ "ಉಂಡೀನ್ರಿ ಅಕ್ಕೋರ" ಎನ್ನುವುದು. ಅದಕ್ಕೇ ಅಲ್ಲಿ ನೋಡುವವರ ಹೊಣೆ ಹೆಚ್ಚು.

ಮನೆಯಲ್ಲೂ ಹೀಗೇ ಅಲ್ಲವೇ? ಮಾತು ಬಿಟ್ಟ ಸೊಸೆಗೆ "ಸೊಕ್ಕು" ಎನ್ನುತ್ತೇವೆ, ಊಟ ಬಿಟ್ಟ ಅತ್ತೆಗೆ "ಹಟ" ಎನ್ನುತ್ತೇವೆ. ದುರಸ್ತಿಯಾಗದ ಯಂತ್ರಗಳಿವೆ, ಕೂಡಿ ಬರದ ಸಂಬಂಧಗಳೂ ಇವೆ. ಹಾಗೆಂದು ಹೇಳುವ ಹಕ್ಕು ಮಾತ್ರ, ಮುಚ್ಚಳ ತೆಗೆದು ತಾಳ್ಮೆಯಿಂದ ನೋಡಿದವರಿಗೇ ಇರಬೇಕು.