ದಂಪತಿಗಳ ಆದಾಯವೂ ರಾಜಕರವೂ

ಧರ್ಮಕಾರ್ಯಗಳಲ್ಲಿ ಒಂದಾಗಿರುವ ಸತಿಪತಿಗಳು ಕರದ ಲೆಕ್ಕದಲ್ಲಿ ಮಾತ್ರ ಇಬ್ಬರಾಗುವುದೇಕೆ ಎಂದು ಈಚೆಗೆ ಹಲವರು ಕೇಳುತ್ತಿರುವರು. ದಂಪತಿಗಳು ಇಚ್ಛಿಸಿದಲ್ಲಿ ಒಟ್ಟಾಗಿ ಲೆಕ್ಕವೊಪ್ಪಿಸಲು ಆಸ್ಪದವಿರಬೇಕೆಂದು 2025ರ ಮುಂಗಡಪತ್ರಕ್ಕೆ ಮೊದಲು ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯು ಸೂಚಿಸಿದ್ದಿತು, ಅದು ಅಂಗೀಕೃತವಾಗಲಿಲ್ಲ. 1961ರ ಆದಾಯ ತೆರಿಗೆ ಕಾಯಿದೆಯಲ್ಲಿಯೂ ಅದರ ಸ್ಥಾನಕ್ಕಾಗಿ ರಚಿತವಾದ 2025ರ ಕಾಯಿದೆಯಲ್ಲಿಯೂ ಗಂಡನ ಲೆಕ್ಕ ಬೇರೆ, ಹೆಂಡತಿಯ ಲೆಕ್ಕ ಬೇರೆ.

ಬೇಡಿಕೆಯು ನಿರಾಧಾರವಾದುದಲ್ಲ. 2025ರ ಹೊಸ ದರಗಳಂತೆ, ವ್ಯಾಪಾರದಲ್ಲಿ ತಲಾ 10 ಲಕ್ಷ ರೂಪಾಯಿ ಗಳಿಸುವ ದಂಪತಿಗಳಿಗೆ ರಿಯಾಯಿತಿಯ ಬಲದಿಂದ ತೆರಿಗೆಯೇ ಇಲ್ಲ. ಗಂಡನೊಬ್ಬನೇ 20 ಲಕ್ಷ ಗಳಿಸಿದರೆ, ಸೆಸ್ಸನ್ನು ಬಿಟ್ಟು, 2 ಲಕ್ಷ ತೆರಬೇಕು. ಎರಡು ಮನೆಗಳ ಉತ್ಪತ್ತಿಯೂ ಒಂದೇ. ಎರಡನೆಯ ಮನೆಯಲ್ಲಿ ಅಡಿಗೆ, ಮಕ್ಕಳ ಪೋಷಣೆ, ವೃದ್ಧರ ಶುಶ್ರೂಷೆಗಳನ್ನು ಹೊತ್ತ ಗೃಹಿಣಿಯ ಶ್ರಮಕ್ಕೆ ಲೆಕ್ಕದಲ್ಲಿ ಎಡೆಯೇ ಇಲ್ಲ.

ಶಾಸ್ತ್ರವೇನೆನ್ನುವುದು? ದಂಪತಿಗಳೊಳಗೆ ವಿಭಾಗವಿಲ್ಲವೆಂಬುದು ಆಪಸ್ತಂಬನ ಮತವು. ಇದನ್ನೇ ಹಿಡಿದು ಒಟ್ಟು ಲೆಕ್ಕವನ್ನು ಸಮರ್ಥಿಸುವವರು, ನಮ್ಮ ಕಲ್ಯಾಣದ ವಿಜ್ಞಾನೇಶ್ವರನನ್ನು ಮರೆಯಬಾರದು. ಮಿತಾಕ್ಷರೆಯಲ್ಲಿ ಅವನು ದಾಯದಿಂದಲೂ ಕ್ರಯದಿಂದಲೂ ಬಂದುದನ್ನು ಸಹ ಸ್ತ್ರೀಧನದಲ್ಲಿ ಸೇರಿಸಿದನು. ಹೋಮಕುಂಡದ ಮುಂದಿನ ಐಕ್ಯವು ಪೆಟ್ಟಿಗೆಯ ಬೀಗದವರೆಗೆ ಬರಬೇಕೆಂಬ ನಿರ್ಬಂಧವು ಅವನಿಗೆ ತೋರಲಿಲ್ಲ. ನಮ್ಮ ತುಳುನಾಡಿನ ಅಳಿಯಕಟ್ಟಿನವರಲ್ಲಿಯಂತೂ ಹೆಂಡತಿಯು ಮದುವೆಯ ಬಳಿಕವೂ ತಾಯಿಯ ಕುಟುಂಬದವಳೇ. ಗಂಡನ ಕುಟುಂಬವೆಂದರೆ ಅವನ ತಾಯಿ, ಸೋದರಿಯರು, ಸೋದರಿಯರ ಮಕ್ಕಳು. ಇವರಿಬ್ಬರ ಸ್ವತ್ತನ್ನು ಕೂಡಿಸಿ ಬರೆಯಿರೆಂದು ಹಿಂದಿನ ಯಜಮಾನನೊಬ್ಬನಿಗೆ ಹೇಳಿದ್ದರೆ ಅವನು ನಕ್ಕುಬಿಡುತ್ತಿದ್ದನು. ದಾಂಪತ್ಯವೇನೂ ಅದರಿಂದ ಕೆಡಲಿಲ್ಲ.

ಒಟ್ಟು ಲೆಕ್ಕದ ದೋಷವು ಹೊರದೇಶಗಳಲ್ಲಿ ಕಂಡುಬಂದಿದೆ. ಇಂಗ್ಲೆಂಡಿನಲ್ಲಿ 1990ರವರೆಗೂ ಹೆಂಡತಿಯ ಆದಾಯವು ಕರದ ಮಟ್ಟಿಗೆ ಗಂಡನದೆಂದೇ ಗಣಿತವಾಗುತ್ತಿದ್ದಿತು. ಅಮೆರಿಕದಲ್ಲಿ 1948ರಿಂದ ಜಂಟಿ ಲೆಕ್ಕದ ಸೌಕರ್ಯವು ವಿಸ್ತೃತವಾಗಿದೆ. ಆದರೆ ಅಲ್ಲಿ ಹೆಂಡತಿಯು ತಡವಾಗಿ ಕೆಲಸಕ್ಕೆ ಸೇರಿದರೆ ಅವಳ ಮೊದಲ ಗಳಿಕೆಯೇ ಗಂಡನ ಮೇಲ್ದರಕ್ಕೆ ಸಿಕ್ಕುವುದು. ಹೀಗಾದರೆ, "ನೀನು ದುಡಿಯುವುದರಿಂದ ಲಾಭವೇನು?" ಎಂಬ ಮಾತು ಮನೆಯಲ್ಲಿ ಏಳದಿರುವುದೇ?

ಈ ವಿಷಯದಲ್ಲಿ ಕಾರವಾರದಾಚೆಯ ಗೋವೆಯ ಪದ್ಧತಿಯು ನನಗೆ ಮೆಚ್ಚಿಕೆಯಾಗಿದೆ. ಅಲ್ಲಿ ಇಂದಿಗೂ ನಡೆಯುತ್ತಿರುವ ಪೋರ್ಚುಗೀಸ್ ಸಂಹಿತೆಯಂತೆ ಸಾಮಾನ್ಯವಾಗಿ ದಂಪತಿಗಳ ಸ್ವತ್ತು ಇಬ್ಬರಿಗೂ ಸಮಾನವು. ಆದುದರಿಂದ ಸಂಬಳವನ್ನು ಬಿಟ್ಟು ಉಳಿದ ಆದಾಯವನ್ನು ಅರ್ಧರ್ಧವಾಗಿ ಇಬ್ಬರ ಲೆಕ್ಕಕ್ಕೂ ಹಾಕುವರು. ಉಳಿದೆಡೆಗಳಲ್ಲಿ ಗಂಡನು ಹೆಂಡತಿಗೆ ಪ್ರತಿಫಲವಿಲ್ಲದೆ ಕೊಟ್ಟ ಸ್ವತ್ತಿನ ಉತ್ಪತ್ತಿಯನ್ನು ಕಾಯಿದೆಯು ಗಂಡನಿಗೇ ಕೂಡಿಸುವುದು. ಅವನ ದಾನವು ನಿಜವಾದ ದಾನವೆಂದು ಅದು ನಂಬದು. ಗೋವೆಯಲ್ಲಿ ಅವಳ ಅರ್ಧವು ದಾನವಲ್ಲ, ಹಕ್ಕು.

ನಮ್ಮಲ್ಲಿಯೂ ಬೇಕಾದವರಿಗೆ ಒಟ್ಟು ಲೆಕ್ಕದ ಅನುಕೂಲವು ದೊರೆಯಲಿ. ಆದರೆ ವರ್ಷದ ಉತ್ಪತ್ತಿಯ ಅರ್ಧವು ಮೊದಲು ಹೆಂಡತಿಯ ಹೆಸರಿಗೆ, ಅವಳ ಸಹಿಯಿಲ್ಲದೆ ತೆಗೆಯಲಾಗದಂತೆ, ಜಮೆಯಾಗಿರಬೇಕು. ಈ ನಿಬಂಧನೆಯನ್ನು ಕೇಳಿದೊಡನೆ ಕಾವೂರಿನ ಕೆಲವು ಗೃಹಸ್ಥರ ಉತ್ಸಾಹವು ತಗ್ಗಿತು. ಅವರ ಮನೆಯ ಹೆಂಗಸರ ಅಭಿಪ್ರಾಯವನ್ನು ಕೇಳುವ ಸಂದರ್ಭವು ನನಗಿನ್ನೂ ಒದಗಿಲ್ಲ.